ಕಡಲಿನ ಗೂಟಕ್ಕೂ ಬೇಕು ಬಿತ್ತುವಟ್ಟ

ಮುಂಬೈನ ಗೇಟ್‌ವೇ ಆಫ್ ಇಂಡಿಯಾದ ಕಟ್ಟೆಯ ಮೇಲೆ ನಿಂತವರಿಗೆ ಎಲಿಫೆಂಟಾಕ್ಕೆ ಹೋಗುವ ಲಾಂಚುಗಳ ಆಚೆ ಒಂದಷ್ಟು ಯಾಟ್‌ಗಳು ಕಾಣುತ್ತವೆ. ದಡಕ್ಕೆ ತಾಗದೆ, ನೀರಿನ ನಡುವೆಯೇ ನಿಂತಿರುತ್ತವೆ. ಉಬ್ಬರ ಬಂದಾಗ ಒಂದು ಕಡೆ, ಇಳಿತವಾದಾಗ ಇನ್ನೊಂದು ಕಡೆ ಮೂತಿ ತಿರುಗಿಸುತ್ತವೆ, ಜಾಗ ಮಾತ್ರ ಬಿಡುವುದಿಲ್ಲ. ಸ್ವಲ್ಪ ಗಮನಿಸಿದರೆ ಮೂತಿಯ ಮುಂದೆ ಒಂದು ಗುಂಡು ತೇಲುತ್ತಿರುವುದು, ಅದಕ್ಕೆ ಹಗ್ಗ ಕಟ್ಟಿರುವುದು ಗೊತ್ತಾಗುತ್ತದೆ. ನಾವಿಕರು ಇದನ್ನು ಮೂರಿಂಗ್ ಬಾಯ್ ಎನ್ನುತ್ತಾರೆ. ಹಟ್ಟಿಯಲ್ಲಿ ದನ ಕಟ್ಟಿ ಬೆಳೆದವರಿಗೆ ಇದರ ಹೆಸರು ಹೇಳಿಕೊಡಬೇಕಾಗಿಲ್ಲ. ಇದು ಗೂಟ. ನೆಲದ ಗೂಟ ಕಣ್ಣಿಗೆ ಕಾಣುತ್ತದೆ, ಕಡಲಿನ ಗೂಟ ನೀರಿನಡಿಯಲ್ಲಿದೆ, ಅಷ್ಟೇ ವ್ಯತ್ಯಾಸ. ಮೇಲೆ ಕಾಣುವ ತೇಲುಗುಂಡು ಗೂಟ ಎಲ್ಲಿದೆ ಎಂದು ತೋರಿಸುವ ಗುರುತು.

ಸ್ವಂತ ದೋಣಿ ಇದ್ದವರು ಸ್ವಂತ ಗೂಟ ಹಾಕಿಸಿಕೊಳ್ಳುತ್ತಾರೆ. ಆದರೆ ಜಗತ್ತಿನ ಹಲವು ಕರಾವಳಿಗಳಲ್ಲಿ ಯಾರು ಬೇಕಾದರೂ ಬಂದು ಕಟ್ಟಬಹುದಾದ ಸಾರ್ವಜನಿಕ ಗೂಟಗಳಿವೆ. ವಾರಾಂತ್ಯಕ್ಕೆ ದೋಣಿ ತೆಗೆದುಕೊಂಡು ಹೋಗುವವರು, ಮೀನು ನೋಡಲು ನೀರಿಗಿಳಿಯುವವರು, ಸ್ಕೂಬಾ ಕಲಿಸುವವರು, ಎಲ್ಲರೂ ಬಳಸುವಂಥವು. ಇವುಗಳ ಬಗ್ಗೆ ದೋಣಿಯವರ ನಡುವೆ ಎರಡೇ ದೂರು. ಒಂದು, ಬೇಕಾದಾಗ ಖಾಲಿ ಸಿಗುವುದಿಲ್ಲ. ಎರಡು, ಸಿಕ್ಕಿದ್ದನ್ನು ನಂಬಬಹುದೇ ಇಲ್ಲವೇ ಗೊತ್ತಾಗುವುದಿಲ್ಲ. ಮೊದಲ ದೂರಿಗೆ ಉತ್ತರವಾಗಿ ಇನ್ನಷ್ಟು ಗೂಟ ಹಾಕಿ ಎಂಬ ಒತ್ತಾಯ ಬರುತ್ತದೆ. ಇರುವುದನ್ನು ಯಾರು, ಯಾವ ಹಣದಲ್ಲಿ, ಎಷ್ಟು ದಿನಕ್ಕೊಮ್ಮೆ ನೋಡಿಕೊಳ್ಳಬೇಕು ಎಂಬ ಪ್ರಶ್ನೆ ಹಿಂದೆ ಉಳಿಯುತ್ತದೆ. ಮೊದಲು ಕೇಳಬೇಕಾದ್ದು ಅದನ್ನೇ. ನೋಡಿಕೊಳ್ಳುವ ಹಣ ಗೊತ್ತುಮಾಡದೆ ಹಾಕಿದ ಗೂಟ ಕೆಲವು ವರ್ಷಗಳಲ್ಲಿ ಅಪಾಯವಾಗುತ್ತದೆ. ಅದಕ್ಕಿಂತ ಹಾಕದೇ ಇರುವುದು ಮೇಲು.

ಲಂಗರು ಮಾಡುವ ಹಾನಿ

ಗೂಟ ಯಾಕೆ ಬೇಕು, ಲಂಗರು ಇಲ್ಲವೇ ಎಂದು ಕೇಳಬಹುದು. ಲಂಗರು ಬರೀ ಭಾರದಿಂದ ದೋಣಿಯನ್ನು ಹಿಡಿಯುವುದಿಲ್ಲ. ಅದರ ಕೊಕ್ಕೆ ತಳಕ್ಕೆ ಕಚ್ಚಿಕೊಳ್ಳಬೇಕಾದರೆ ಸರಪಳಿ ಅಥವಾ ಹಗ್ಗ ಅಡ್ಡಡ್ಡ ಎಳೆಯಬೇಕು. ಅದಕ್ಕೇ ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗ ಬಿಡುವುದು ರೂಢಿ. ಹತ್ತು ಮೀಟರ್ ಆಳದಲ್ಲಿ ಕನಿಷ್ಠ 50 ಮೀಟರ್ ಹಗ್ಗ. ಗಾಳಿ ತಿರುಗಿದಂತೆ ದೋಣಿ ಲಂಗರಿನ ಸುತ್ತ ತಿರುಗುತ್ತದೆ, ತಳದಲ್ಲಿ ಬಿದ್ದ ಸರಪಳಿಯೂ ಜೊತೆಗೆ ಗುಡಿಸಿಕೊಂಡು ಹೋಗುತ್ತದೆ. ಮರಳು ಅಥವಾ ಕೆಸರಿನ ತಳವಾದರೆ ಹೆಚ್ಚಿನ ನಷ್ಟವಿಲ್ಲ. ಹವಳವಾದರೆ ಒಂದು ದೋಣಿಯ ಒಂದು ಮಧ್ಯಾಹ್ನ ಸಾಕು.

ಹವಳ ಕಲ್ಲಿನಂತೆ ಕಂಡರೂ ಅದರ ಹೊರಮೈ ಜೀವಂತ ಚರ್ಮ. ದೊಡ್ಡ ಬಂಡೆಯಂತೆ ಬೆಳೆಯುವ ಜಾತಿಗಳು ವರ್ಷಕ್ಕೆ ಒಂದು ಸೆಂಟಿಮೀಟರ್ ಆಸುಪಾಸು, ಹಲವು ಸಲ ಅದಕ್ಕಿಂತಲೂ ಕಡಿಮೆ ಬೆಳೆಯುತ್ತವೆ. ಕಡವೆಯ ಕೊಂಬಿನಂತೆ ಕವಲೊಡೆಯುವ ಜಾತಿಗಳು ವರ್ಷಕ್ಕೆ ಐದು, ಹತ್ತು ಸೆಂಟಿಮೀಟರ್ ಬೆಳೆಯಬಹುದು, ಆದರೆ ಮುರಿಯುವುದೂ ಅಷ್ಟೇ ಸುಲಭ. ಮೊಣಕಾಲೆತ್ತರದ ಹವಳದ ಬಂಡೆಯೊಂದನ್ನು ಲಂಗರು ಮಗುಚಿ ಹಾಕಿದರೆ ಹೋಗುವುದು ಒಂದು ತಲೆಮಾರಿನ ಬೆಳವಣಿಗೆ. ಹಾಕಿದವರಿಗೆ ಗೊತ್ತೇ ಆಗುವುದಿಲ್ಲ. ಅವರು ಮೇಲೆ ಕುಳಿತು ಊಟ ಮಾಡುತ್ತಿರುತ್ತಾರೆ.

ಕೀ ಲಾರ್ಗೋದ ತೂತು

ಇದಕ್ಕೆ ಪರಿಹಾರ ಹುಡುಕಿದ ಕಥೆ ಅಮೆರಿಕದ ಫ್ಲಾರಿಡಾದ್ದು. ಆ ರಾಜ್ಯದ ದಕ್ಷಿಣ ತುದಿಯಿಂದ ನೈರುತ್ಯಕ್ಕೆ ಬಿಲ್ಲಿನಂತೆ ಬಾಗಿದ ದ್ವೀಪಗಳ ಸಾಲಿಗೆ ಫ್ಲಾರಿಡಾ ಕೀಸ್ ಎಂದು ಹೆಸರು. ಅವುಗಳ ಅಟ್ಲಾಂಟಿಕ್ ಬದಿಯಲ್ಲಿ ಹವಳದ ದಿಬ್ಬಗಳು ಉದ್ದಕ್ಕೂ ಹಬ್ಬಿವೆ. 1960ರಲ್ಲಿ ಕೀ ಲಾರ್ಗೋ ದ್ವೀಪದ ಪಕ್ಕದಲ್ಲಿ ಜಾನ್ ಪೆನೆಕ್ಯಾಂಪ್ ಹೆಸರಿನ ಉದ್ಯಾನ ಘೋಷಣೆಯಾಯಿತು. ಅಮೆರಿಕದ ಮೊದಲ ಕಡಲೊಳಗಿನ ಉದ್ಯಾನ ಅದು. 1975ರಲ್ಲಿ ಅದರ ಆಚೆಯ ನೀರನ್ನು ಕೇಂದ್ರ ಸರ್ಕಾರ ಕೀ ಲಾರ್ಗೋ ಸಮುದ್ರ ಅಭಯಾರಣ್ಯವೆಂದು ಗೊತ್ತುಮಾಡಿತು. ರಕ್ಷಣೆ ಸಿಕ್ಕಿದ ಜಾಗಕ್ಕೆ ಹೆಸರೂ ಸಿಗುತ್ತದೆ, ಹೆಸರಿನ ಹಿಂದೆ ಜನ ಬರುತ್ತಾರೆ. ಜನರೊಂದಿಗೆ ದೋಣಿಗಳು, ದೋಣಿಗಳೊಂದಿಗೆ ಲಂಗರುಗಳು ಬಂದವು.

ಆ ಅಭಯಾರಣ್ಯದಲ್ಲಿ ಕೆಲಸ ಮಾಡುತ್ತಿದ್ದ ಜೀವಶಾಸ್ತ್ರಜ್ಞ ಜಾನ್ ಹಲಾಸ್ 1981ರಲ್ಲಿ ಒಂದು ಸರಳ ಉಪಾಯ ಮಾಡಿದರು. ಅಲ್ಲಿಯವರೆಗೆ ಗೂಟವೆಂದರೆ ತಳಕ್ಕೆ ಇಳಿಸಿದ ಕಾಂಕ್ರೀಟ್ ದಿಮ್ಮಿ, ಅದಕ್ಕೊಂದು ಭಾರದ ಸರಪಳಿ. ದಿಮ್ಮಿ ಬಿರುಗಾಳಿಗೆ ಸರಿದು ಹವಳದ ಮೇಲೆ ಉರುಳಬಹುದು, ಸರಪಳಿ ಲಂಗರಿನ ಸರಪಳಿಯಂತೆಯೇ ತಳವನ್ನು ಗುಡಿಸುತ್ತದೆ. ಹಲಾಸ್ ದಿಮ್ಮಿಯನ್ನೇ ಬಿಟ್ಟರು. ಹವಳ ಇಲ್ಲದ ಸುಣ್ಣಕಲ್ಲಿನ ಜಾಗ ನೋಡಿ, ನೀರಿನೊಳಗೆ ಡ್ರಿಲ್ ಹಿಡಿದು ಆಳದ ತೂತು ಕೊರೆದು, ಅದರಲ್ಲಿ ತುಕ್ಕು ಹಿಡಿಯದ ಉಕ್ಕಿನ ಕಣ್ಣುಬೋಲ್ಟ್ ಇಳಿಸಿ ಸಿಮೆಂಟ್ ತುಂಬಿದರು. ಬೋಲ್ಟಿನ ಕಣ್ಣಿನಿಂದ ಮೇಲಕ್ಕೆ ನೀರಿನಲ್ಲಿ ತೇಲುವ ಜಾತಿಯ ಹಗ್ಗ, ಮೇಲೆ ತೇಲುಗುಂಡು, ಅಲ್ಲಿಂದ ದೋಣಿಯವರು ಕೈಗೆತ್ತಿಕೊಳ್ಳಲು ಇನ್ನೊಂದು ತುಂಡು ಹಗ್ಗ. ಹಗ್ಗ ತೇಲುವುದರಿಂದ ತಳವನ್ನು ಮುಟ್ಟುವುದೇ ಇಲ್ಲ. ಇಡೀ ವ್ಯವಸ್ಥೆ ಹವಳದಿಂದ ತೆಗೆದುಕೊಂಡದ್ದು ಒಂದು ತೂತಿನಷ್ಟು ಕಲ್ಲು.

ಈ ವಿಧಾನ ಮುಂದೆ ಜಗತ್ತಿನ ಹಲವು ದೇಶಗಳ ಹವಳದ ದಿಬ್ಬಗಳಿಗೆ ಹೋಯಿತು. ಕೀಸ್‌ನಲ್ಲೇ ಸರ್ಕಾರಕ್ಕಾಗಿ ಕಾಯದ ಜನರೂ ಇದ್ದರು. 1987ರಲ್ಲಿ ಕೀ ವೆಸ್ಟ್ ಪಟ್ಟಣದಲ್ಲಿ ಹುಟ್ಟಿದ ರೀಫ್ ರಿಲೀಫ್ ಎಂಬ ಸ್ವಯಂಸೇವಾ ಸಂಸ್ಥೆ ಸುತ್ತಲಿನ ದಿಬ್ಬಗಳಲ್ಲಿ ನೂರಕ್ಕೂ ಹೆಚ್ಚು ತೇಲುಗುಂಡುಗಳನ್ನು ಹಾಕಿ ತಾನೇ ನೋಡಿಕೊಂಡಿತು. 1990ರಲ್ಲಿ ಇಡೀ ದ್ವೀಪಸಾಲನ್ನು ಒಳಗೊಂಡ ಫ್ಲಾರಿಡಾ ಕೀಸ್ ರಾಷ್ಟ್ರೀಯ ಸಮುದ್ರ ಅಭಯಾರಣ್ಯ ಬಂತು. ಇವತ್ತು ಅಲ್ಲಿ ಹೆಚ್ಚುಕಡಿಮೆ 500 ಸಾರ್ವಜನಿಕ ಗೂಟಗಳಿವೆ. ಬಿಳಿ ಗುಂಡಿಗೆ ನೀಲಿ ಪಟ್ಟಿ. ಬಾಡಿಗೆ ಇಲ್ಲ, ಮುಂಗಡ ಕಾದಿರಿಸುವಿಕೆ ಇಲ್ಲ, ಮೊದಲು ಬಂದವರಿಗೆ ಮೊದಲು.

500 ಎಂದರೆ ದೊಡ್ಡ ಸಂಖ್ಯೆಯಂತೆ ಕೇಳಿಸುತ್ತದೆ. ಫ್ಲಾರಿಡಾ ರಾಜ್ಯದಲ್ಲಿ ನೋಂದಾಯಿತ ದೋಣಿಗಳ ಸಂಖ್ಯೆ ಸುಮಾರು ಹತ್ತು ಲಕ್ಷ ಎಂಬುದನ್ನು ಪಕ್ಕದಲ್ಲಿಟ್ಟು ನೋಡಿದರೆ ರಜಾದಿನದ ಬೆಳಿಗ್ಗೆ ಹೆಸರುವಾಸಿ ದಿಬ್ಬಗಳ ಬಳಿ ಏನಾಗುತ್ತದೆ ಎಂದು ಊಹಿಸಬಹುದು.

ಸವೆಯುವುದು ಎಲ್ಲಿ?

ತೇಲುಗುಂಡು ಬಿಸಿಲಿಗೆ ಮಾಸುತ್ತದೆ, ಅಷ್ಟೇ. ನಿಜವಾದ ಸವೆತ ಕಣ್ಣಿಗೆ ಬೀಳದ ಕಡೆ ನಡೆಯುತ್ತದೆ. ಹಗ್ಗದ ಮೇಲ್ತುದಿಯನ್ನು ಬಿಸಿಲು ತಿನ್ನುತ್ತದೆ. ನೀರೊಳಗಿನ ಭಾಗಕ್ಕೆ ಬಾರ್ನಕಲ್ ಎಂಬ ಚೂಪು ಚಿಪ್ಪಿನ ಜೀವಿಗಳು ಅಂಟಿಕೊಂಡು ಎಳೆಗಳನ್ನು ಕೊಯ್ಯುತ್ತವೆ. ಹಗ್ಗವೂ ಲೋಹವೂ ಸೇರುವ ಕಡೆ ಪ್ರತಿ ಅಲೆಗೂ ಒಂದು ಉಜ್ಜು. ಎರಡು ಬೇರೆ ಬೇರೆ ಲೋಹದ ಭಾಗಗಳನ್ನು ಜೋಡಿಸಿದ್ದರೆ ಉಪ್ಪುನೀರಿನಲ್ಲಿ ಅವು ಸಣ್ಣ ಬ್ಯಾಟರಿಯಂತೆ ವರ್ತಿಸಿ ಒಂದು ಇನ್ನೊಂದನ್ನು ಕರಗಿಸುತ್ತದೆ. ಸರಪಳಿ ಬಳಸಿದ ಗೂಟಗಳಲ್ಲಿ ತಳದ ಹತ್ತಿರ, ಪ್ರತಿ ಅಲೆಗೂ ಎದ್ದು ಬೀಳುವ ಆ ನಾಲ್ಕಾರು ಕೊಂಡಿಗಳು ಮೊದಲು ತೆಳ್ಳಗಾಗುತ್ತವೆ. ಉಳಿದ ಸರಪಳಿ ಹೊಸದರಂತಿರುತ್ತದೆ. ಕತ್ತರಿಸುವುದು ಮಾತ್ರ ಆ ತೆಳ್ಳಗಾದ ಕೊಂಡಿಯೇ.

ಇದರ ಮೇಲೆ ಬಳಕೆದಾರರ ಪಾಲೂ ಇದೆ. ಕೀಸ್‌ನ ರೂಢಿಯಲ್ಲಿ ದೋಣಿಯವರು ತಮ್ಮ ಹಗ್ಗವನ್ನು ತೇಲುಗುಂಡಿನ ಹಗ್ಗದ ಕುಣಿಕೆಯೊಳಗೆ ತೂರಿಸಿ ಮತ್ತೆ ತಮ್ಮ ದೋಣಿಗೆ ಕಟ್ಟಬೇಕು, ಸಾಕಷ್ಟು ಸಡಿಲ ಬಿಡಬೇಕು. ಅವಸರದಲ್ಲಿ ಬಿಗಿಯಾಗಿ ಕಟ್ಟಿದರೆ ಅಲೆ ದೋಣಿಯನ್ನು ಎತ್ತಿದಾಗಲೆಲ್ಲ ಪೂರ್ತಿ ಭಾರ ಬೋಲ್ಟನ್ನು ನೇರ ಮೇಲಕ್ಕೆ ಕೀಳುತ್ತದೆ. ಗುಂಡು ನೀರೊಳಗೆ ಮುಳುಗುವಷ್ಟು ಬಿಗಿದಿದ್ದರೆ ಯಾರೋ ಹಣ ಕೊಟ್ಟು ಸಿಮೆಂಟ್ ಹಾಕಿದ ಗೂಟವನ್ನು ದಿನವಿಡೀ ಅಲ್ಲಾಡಿಸಿದಂತೆ.

ಹಾಗಾಗಿ ಗೂಟದ ಜೀವ ಮುಳುಗುಗಾರರ ಕೈಯಲ್ಲಿದೆ. ಯಾರಾದರೂ ಸಿಲಿಂಡರ್ ಬೆನ್ನಿಗೆ ಹಾಕಿಕೊಂಡು ಇಳಿದು, ಚಿಪ್ಪು ಕೆರೆದು, ಹಗ್ಗ ಬದಲಿಸಿ, ಕೊಂಡಿಯ ದಪ್ಪ ಅಳೆದು, ಬೋಲ್ಟ್ ಅಲ್ಲಾಡುತ್ತದೆಯೇ ನೋಡಬೇಕು. ಪ್ರತಿ ಗೂಟಕ್ಕೂ, ಮತ್ತೆ ಮತ್ತೆ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಚಂಡಮಾರುತ ಕೀಸ್‌ನ ಮೇಲೆಯೇ ಅಪ್ಪಳಿಸಿತು. ಅಂಥ ಬಿರುಗಾಳಿ ಹೋದ ಮೇಲೆ ಗುಂಡು ತೇಲುತ್ತಿದೆ ಎಂದ ಮಾತ್ರಕ್ಕೆ ಗೂಟ ಗಟ್ಟಿ ಎಂದು ಯಾರೂ ಹೇಳಲಾರರು. ಎಲ್ಲವನ್ನೂ ಮತ್ತೆ ಮುಳುಗಿಯೇ ನೋಡಬೇಕು. ದೋಣಿ, ಇಂಧನ, ತರಬೇತಿ ಪಡೆದ ಕೈಗಳು, ಒಳ್ಳೆಯ ಹವೆಯ ದಿನಗಳು, ಎಲ್ಲಕ್ಕೂ ಖರ್ಚಿದೆ. ಗೂಟ ಹಾಕುವ ಖರ್ಚು ಒಂದು ಸಲದ್ದು, ಇದು ಪ್ರತಿ ವರ್ಷದ್ದು.

ಈ ಖರ್ಚಿನ ಒಂದು ಗುಣ ಎಂದರೆ ಕಡಿತ ಮಾಡಿದರೆ ಮೊದಲ ವರ್ಷ ಏನೂ ಆಗುವುದಿಲ್ಲ. ಎರಡನೇ ವರ್ಷವೂ ಆಗದಿರಬಹುದು. ಮೂರನೇ ವರ್ಷ ಒಂದು ಸಂಜೆ ಗಾಳಿ ಎದ್ದಾಗ, ಗೂಟವನ್ನು ನಂಬಿ ಊಟಕ್ಕೆ ಕುಳಿತ ಕುಟುಂಬದ ದೋಣಿ ಬಂಡೆಗಳ ಕಡೆ ಹೊರಡುತ್ತದೆ. ಅನುದಾನ ಕಡಿತ ಮಾಡಿದ ಅಧಿಕಾರಿ ಅಷ್ಟರಲ್ಲಿ ಬೇರೆ ಇಲಾಖೆಗೆ ಹೋಗಿರುತ್ತಾರೆ.

ಕಟ್ಟುವ ಪುಣ್ಯ, ಕಾಯುವ ಲೆಕ್ಕ

ಈ ತೊಂದರೆ ಕಡಲಿನವರಿಗಷ್ಟೇ ಗೊತ್ತಿರುವುದಲ್ಲ. ಕೆರೆ ಕಟ್ಟುವ ನಾಡಿಗೆ ಇದು ಹಳೆಯ ಪರಿಚಯ. ಕೆರೆ ಕಟ್ಟಿಸಿದರೆ ಪುಣ್ಯವೂ ಉಂಟು, ಹೆಸರೂ ಉಂಟು. ಹೂಳು ತೆಗೆಸಿದವರಿಗೆ ಅಷ್ಟು ಹೆಸರಿಲ್ಲ. ಇದನ್ನು ಅರಿತೇ ಕನ್ನಡ ಶಾಸನಗಳ ಕಾಲದವರು ಒಂದು ಏರ್ಪಾಡು ಮಾಡಿಕೊಂಡಿದ್ದರು. ಅದರ ಹೆಸರು ಬಿತ್ತುವಟ್ಟ. ಕೆರೆಯ ನೀರಿನಿಂದ ಬೆಳೆಯುವ ನೆಲದಲ್ಲೋ ಫಸಲಿನಲ್ಲೋ ಒಂದು ಪಾಲನ್ನು ಅದೇ ಕೆರೆಯ ದುರಸ್ತಿಗೆಂದು ಬಿಟ್ಟುಕೊಡುವುದು. ರಾಜ ಬದಲಾದರೂ ಊರಗೌಡ ಬದಲಾದರೂ ಆ ಪಾಲು ಕೆರೆಯದ್ದೇ. ಹಳ್ಳಿಯ ನೀರುಗಂಟಿಗೂ ಬೆಳೆಯಲ್ಲೇ ಪಾಲು ಸಿಗುತ್ತಿತ್ತು. ಕೆರೆ ತುಂಬಿದರೆ ಅವನ ಮನೆಯೂ ತುಂಬಿತು, ಏರಿ ಒಡೆದರೆ ಅವನ ಅನ್ನವೂ ಹೋಯಿತು. ದುರಸ್ತಿಗೆ ಹಣ ಎಲ್ಲಿಂದ ಎಂದು ಪ್ರತಿ ವರ್ಷ ಹೊಸದಾಗಿ ಕೇಳುವ ಅಗತ್ಯ ಇರಲಿಲ್ಲ.

ಸಾರ್ವಜನಿಕ ಗೂಟಕ್ಕೆ ಬೇಕಾದದ್ದು ಇದೇ. ಅದರಿಂದ ಲಾಭ ಪಡೆಯುವ ಚಟುವಟಿಕೆಯ ಒಂದು ಪಾಲು, ಕಾನೂನಿನ ಬಲದಿಂದ, ಅದರ ದುರಸ್ತಿಗೇ ಹೋಗಬೇಕು. ಸಾಮಾನ್ಯ ಖಜಾನೆಗೆ ಹೋಗಿ ಅಲ್ಲಿಂದ ಕರುಣೆಯಿಂದ ವಾಪಸ್ ಬರುವಂತಿರಬಾರದು.

ಹಾಗಾದರೆ ಗೂಟಕ್ಕೆ ಬಾಡಿಗೆ ಹಾಕಿದರೆ ಮುಗಿಯಿತಲ್ಲ ಎನ್ನುವವರಿದ್ದಾರೆ. ಅಮೆರಿಕದ ಇನ್ನೊಂದು ಮೂಲೆಯ ವಾಷಿಂಗ್ಟನ್ ರಾಜ್ಯ ಹಾಗೆಯೇ ಮಾಡುತ್ತದೆ. ಪ್ಯೂಜೆಟ್ ಸೌಂಡ್ ಮತ್ತು ಸ್ಯಾನ್ ವಾನ್ ದ್ವೀಪಗಳ ನಡುವಿನ ಕಡಲ ಉದ್ಯಾನಗಳಲ್ಲಿ ರಾಜ್ಯದ ಉದ್ಯಾನ ಇಲಾಖೆ ತೇಲುಗುಂಡುಗಳನ್ನು ಇಟ್ಟಿದೆ. ರಾತ್ರಿ ತಂಗುವವರು ಶುಲ್ಕ ಕಟ್ಟಬೇಕು, ಹೆಚ್ಚು ಓಡಾಡುವವರು ದೋಣಿಯ ಉದ್ದದ ಲೆಕ್ಕದಲ್ಲಿ ವರ್ಷದ ಪರವಾನಗಿ ತೆಗೆದುಕೊಳ್ಳಬಹುದು. ಒಂದೇ ಕಡೆ ಸತತ ಮೂರು ರಾತ್ರಿಗಿಂತ ಹೆಚ್ಚು ಕಟ್ಟಿಕೊಂಡಿರುವಂತಿಲ್ಲ. ಅಲ್ಲಿ ಇದು ನ್ಯಾಯವೇ. ಆ ದ್ವೀಪಗಳಲ್ಲಿ ಗೂಟ ಮುಖ್ಯವಾಗಿ ರಾತ್ರಿಯ ನೆಮ್ಮದಿಗೆ, ಒಂದು ರೀತಿಯಲ್ಲಿ ತೇಲುವ ಛತ್ರದ ಕೋಣೆ.

ಹವಳದ ದಿಬ್ಬದ ಗೂಟದ ಲೆಕ್ಕ ಬೇರೆ. ಅದನ್ನು ಹಾಕಿದ್ದು ದೋಣಿಯವರ ಸುಖಕ್ಕಿಂತ ಹೆಚ್ಚಾಗಿ ತಳದ ರಕ್ಷಣೆಗೆ. ದಿಬ್ಬದ ಮೇಲೆ ಒಂದು ಗಂಟೆ ಕಟ್ಟಲು ದುಡ್ಡು ಕೇಳಿದರೆ, ಗಡಿಯ ಆಚೆ ಐವತ್ತು ಮೀಟರ್ ಸರಿದು ಪುಕ್ಕಟೆ ಲಂಗರು ಹಾಕುವವರು ಇದ್ದೇ ಇರುತ್ತಾರೆ. ಅಲ್ಲಿ ಯಾರೂ ಕಾಯುತ್ತಿರುವುದಿಲ್ಲ. ಬೀದಿಬದಿಯ ಶೌಚಾಲಯಕ್ಕೆ ಹತ್ತು ರೂಪಾಯಿ ಇಟ್ಟರೆ ಗೋಡೆ ಹಿಂದಿನ ಜಾಗ ಏನಾಗುತ್ತದೆ ಎಂಬುದು ನಗರಗಳಲ್ಲಿ ಇರುವವರಿಗೆ ತಿಳಿದದ್ದೇ. ಆದ್ದರಿಂದ ದಿಬ್ಬದ ಗೂಟ ಬಳಕೆಯ ಹೊತ್ತಿನಲ್ಲಿ ಉಚಿತವಾಗಿರಬೇಕು. ಹಣ ಬೇರೆ ಎರಡು ಕಡೆಯಿಂದ ಬರಬೇಕು. ಒಂದು, ದೋಣಿ ನೋಂದಣಿ ಶುಲ್ಕದಲ್ಲಿ ಸಣ್ಣದೊಂದು ಪಾಲು. ಇನ್ನೊಂದು, ಪ್ರವಾಸಿಗರನ್ನು ಒಯ್ದು ದಿನಾ ದುಡಿಯುವ ಸ್ಕೂಬಾ ಮತ್ತು ಸ್ನಾರ್ಕೆಲಿಂಗ್ ಸಂಸ್ಥೆಗಳ ಪರವಾನಗಿಯಲ್ಲಿ ತಲೆಗಿಷ್ಟು ಎಂಬ ಪಾಲು. ದಿಬ್ಬ ಸತ್ತರೆ ಮೊದಲು ಬಾಗಿಲು ಹಾಕಬೇಕಾದವರು ಇವರೇ. ನೀರುಗಂಟಿಯಂತೆ ಅವರ ಅನ್ನವೂ ಅಲ್ಲೇ ಇದೆ.

ಕೇಳಿಬರುವ ಆಕ್ಷೇಪಗಳು

ಮೊದಲನೆಯದು: ಮೋಜಿಗೆ ದೋಣಿ ಓಡಿಸುವುದು ಉಳ್ಳವರ ಹವ್ಯಾಸ, ಅವರಿಗೆ ಸಾರ್ವಜನಿಕ ಹಣ ಯಾಕೆ? ಈ ಮಾತಿನಲ್ಲಿ ಅರ್ಧ ಹುರುಳಿದೆ. ಆದ್ದರಿಂದಲೇ ಹಣ ದೋಣಿಯವರಿಂದಲೇ ಬರಲಿ ಎನ್ನಬೇಕಾಗುತ್ತದೆ. ಆದರೆ ರಕ್ಷಣೆ ಸಿಗುವುದು ಹವಳಕ್ಕೆ. ಹವಳದ ದಿಬ್ಬ ಮೀನಿನ ತೊಟ್ಟಿಲು, ದಡಕ್ಕೆ ಬರುವ ಅಲೆಯ ಬಲ ಮುರಿಯುವ ಗೋಡೆ. ದೋಣಿಯೇ ಇಲ್ಲದವರ ಮನೆಯೂ ಅದರ ಹಿಂದೆ ಇದೆ. ಉಳ್ಳವರು ಹೊಣೆ ಹೊತ್ತ ಉದಾಹರಣೆಯೂ ಇದೆ. ಸ್ಯಾನ್ ವಾನ್ ದ್ವೀಪಗಳಲ್ಲಿ ಸೂಷಾ ಎಂಬ ದ್ವೀಪವನ್ನು 1960ರಲ್ಲಿ ಪ್ಯೂಜೆಟ್ ಸೌಂಡ್‌ನ ಬೋಟಿಂಗ್ ಕ್ಲಬ್ಬುಗಳು ಹಣ ಕೂಡಿಸಿ ಕೊಂಡುಕೊಂಡು, ಎಲ್ಲರ ಉದ್ಯಾನವಾಗಲಿ ಎಂದು ರಾಜ್ಯಕ್ಕೆ ಒಪ್ಪಿಸಿದವು.

ಎರಡನೆಯದು ಇನ್ನೂ ಗಟ್ಟಿಯಾದದ್ದು: ಗೂಟ ಇದ್ದ ಕಡೆ ಜನ ಹೆಚ್ಚುತ್ತಾರೆ. ಲಂಗರಿನ ಪೆಟ್ಟು ತಪ್ಪಿತು, ಆದರೆ ಅದೇ ಹತ್ತು ಜಾಗಗಳಿಗೆ ದಿನಾ ನೂರಾರು ಮಂದಿ ಇಳಿದು ಕಾಲಲ್ಲಿ ಒದ್ದರೆ ಏನು ಉಳಿಯಿತು? ಇದು ನಿಜ. ತೇಲುಗುಂಡು ಇಲ್ಲಿ ನೋಡಲು ಏನೋ ಇದೆ ಎಂಬ ಜಾಹೀರಾತೂ ಹೌದು. ಆದರೆ ಇದನ್ನೇ ತಿರುಗಿಸಿ ಬಳಸಿಕೊಳ್ಳಬಹುದು. ಲಂಗರು ನಿಷೇಧಿಸಿದ ದಿಬ್ಬದಲ್ಲಿ ಗೂಟಗಳ ಸಂಖ್ಯೆಯೇ ದೋಣಿಗಳ ಸಂಖ್ಯೆಯ ಮಿತಿ. ಆರು ಗೂಟ ಇದ್ದರೆ ಆರು ದೋಣಿ. ದಿಬ್ಬ ದಣಿದಿದೆ ಎನಿಸಿದರೆ ಎರಡು ಗುಂಡು ಬಿಚ್ಚಿದರಾಯಿತು. ಹಾಗಾಗಿ ಇನ್ನಷ್ಟು ಹಾಕಿ ಎಂಬ ಕೂಗಿಗೆ ಎಲ್ಲ ಕಡೆ ಹೌದು ಎನ್ನುವಂತಿಲ್ಲ. ಖಾಲಿ ಸಿಗುತ್ತಿಲ್ಲ ಎಂಬ ದೂರಿಗೆ ಸರದಿಯೇ ಒಳ್ಳೆಯ ಪರಿಹಾರ. ಆಸ್ಟ್ರೇಲಿಯಾದ ಗ್ರೇಟ್ ಬ್ಯಾರಿಯರ್ ರೀಫ್‌ನ ಸಾರ್ವಜನಿಕ ಗೂಟಗಳಿಗೆ ಹೊತ್ತಿನ ಮಿತಿ ಇದೆ. ಒಂದು ಗೂಟಕ್ಕೆ ಒಂದೇ ದೋಣಿ, ಹೊತ್ತು ಮುಗಿದರೆ ಬಿಟ್ಟುಕೊಡಬೇಕು. ಬೆಳಿಗ್ಗೆ ಆರಕ್ಕೆ ಬಂದು ಸಂಜೆವರೆಗೆ ಹಿಡಿದುಕೊಂಡು ಕೂರುವುದಕ್ಕೆ ಅಲ್ಲಿ ಅವಕಾಶವಿಲ್ಲ. ಬಸ್ಸಿನ ಸೀಟಿಗೆ ಟವೆಲ್ ಹಾಕಿ ಹೋಗುವ ವಿದ್ಯೆ ಕಡಲಿನಲ್ಲೂ ಉಂಟು, ಅದಕ್ಕೆ ಇದೇ ಮದ್ದು.

ಮೂರನೆಯದು ಎಲ್ಲಕ್ಕಿಂತ ನೋವಿನದು: ಕಡಲೇ ಕಾಯುತ್ತಿರುವಾಗ ಲಂಗರಿನ ಚಿಂತೆ ಯಾಕೆ? 2023ರ ಜುಲೈನಲ್ಲಿ ಫ್ಲಾರಿಡಾದ ಮನಾಟೀ ಬೇ ಎಂಬ ಆಳವಿಲ್ಲದ ಕೊಲ್ಲಿಯ ಮಾಪಕ 38 ಡಿಗ್ರಿ ಸೆಲ್ಸಿಯಸ್ ದಾಟಿತು. ಸ್ನಾನದ ಬಿಸಿನೀರಿನ ಮಟ್ಟ. ಆ ಬೇಸಿಗೆಯಲ್ಲಿ ಕೀಸ್‌ನ ದಿಬ್ಬಗಳ ಹವಳ ಬೆಳ್ಳಗಾಗಿ, ಕವಲೊಡೆಯುವ ಎರಡು ಮುಖ್ಯ ಜಾತಿಗಳು ಹೆಚ್ಚುಕಡಿಮೆ ನೆಲೆ ಕಳೆದುಕೊಂಡವು. ನಲವತ್ತು ವರ್ಷ ಲಂಗರಿನಿಂದ ಕಾಪಾಡಿದ್ದನ್ನು ಒಂದು ಬೇಸಿಗೆ ತೆಗೆದುಕೊಂಡು ಹೋಯಿತು. ಗೂಟ ಇದಕ್ಕೆ ಮದ್ದು ಎಂದು ಯಾರಾದರೂ ಹೇಳಿದರೆ ಅದು ಸುಳ್ಳು. ಆದರೆ ಉಳಿದ ಹವಳದ ಬೆಲೆ ಈಗ ಮೊದಲಿಗಿಂತ ಹೆಚ್ಚು. ಬಿಸಿ ತಡೆದು ಬದುಕಿದ ಒಂದೊಂದು ಬಂಡೆಯೂ ಮುಂದಿನ ಬೆಳೆಗೆ ಬೀಜ. ನರ್ಸರಿಗಳಲ್ಲಿ ಬೆಳೆಸಿದ ಸಸಿಗಳನ್ನು ದಿಬ್ಬಕ್ಕೆ ಕೈಯಲ್ಲಿ ನೆಡುವ ಕೆಲಸ ಅಲ್ಲಿ ವರ್ಷಗಳಿಂದ ನಡೆದಿದೆ. ಬರಗಾಲದಲ್ಲಿ ಉಳಿದ ಬಿತ್ತನೆಕಾಳನ್ನು ಇಲಿಗೆ ಬಿಡುವ ರೈತನಿಲ್ಲ. ಕಡಲಿನ ಬಿಸಿ ಇಳಿಸುವುದು ಒಂದು ಊರಿನ, ಒಂದು ದೇಶದ ಕೈಯಲ್ಲಿಲ್ಲ. ಲಂಗರು ಎಲ್ಲಿ ಬೀಳಬೇಕು ಎಂಬುದು ಇದೆ.

ಗುಂಡಿನ ಮೇಲೆ ಬರೆಯಬೇಕಾದದ್ದು

ಸಾರ್ವಜನಿಕ ಗೂಟಗಳ ಜೊತೆ ಸಾಮಾನ್ಯವಾಗಿ ಒಂದು ಎಚ್ಚರಿಕೆಯೂ ಇರುತ್ತದೆ: ನಿಮ್ಮ ಹೊಣೆಯಲ್ಲಿ ಬಳಸಿ. ಕಾನೂನಿನ ದೃಷ್ಟಿಯಿಂದ ಇದು ಅರ್ಥವಾಗುವಂಥದ್ದು. ಗೂಟ ಕಿತ್ತುಬಂದು ದೋಣಿ ಒಡೆದರೆ ಪರಿಹಾರ ಕೇಳುವವರ ಭಯದಿಂದಲೇ ಗೂಟ ಹಾಕಲು ಹಿಂಜರಿಯುವ ಸಂಸ್ಥೆಗಳಿವೆ. ಆದರೆ ಹೊಣೆ ಹೊರಬೇಕಾದವರಿಗೆ ಮಾಹಿತಿ ಬೇಕು. ನೀರಿನಡಿಯಲ್ಲಿ ಏನಿದೆ ಎಂದು ದೋಣಿಯವರಿಗೆ ಕಾಣುವುದಿಲ್ಲ. ನೀರು ತಿಳಿಯಾಗಿದ್ದರೆ ಮುಖವಾಡ ಹಾಕಿ ಇಳಿದು ನೋಡುವುದು ಜಾಣತನ, ಆದರೆ ಎಲ್ಲರಿಗೂ ಎಲ್ಲ ಹೊತ್ತಿನಲ್ಲೂ ಆಗುವ ಮಾತಲ್ಲ.

ಗ್ರೇಟ್ ಬ್ಯಾರಿಯರ್ ರೀಫ್‌ನ ಗೂಟಗಳು ಈ ವಿಷಯದಲ್ಲಿ ಮಾದರಿ. ಗುಂಡಿನ ಸುತ್ತ ಬಣ್ಣದ ಪಟ್ಟಿ. ಕಂದು ಎಂದರೆ ಪುಟ್ಟ ದೋಣಿಗೆ ಮಾತ್ರ. ಹಳದಿ, ಹಸಿರು, ನೀಲಿ, ಕೆಂಪು ಎಂದು ಮುಂದೆ ಹೋದಂತೆ ದೊಡ್ಡ ದೋಣಿಗಳಿಗೆ. ಎಷ್ಟು ಉದ್ದದ ದೋಣಿ, ಎಷ್ಟು ಗಾಳಿಯವರೆಗೆ, ಎಷ್ಟು ಹೊತ್ತು ಎಂಬುದು ಗೂಟದ ಮೇಲೆಯೇ ಬರೆದಿರುತ್ತದೆ. ಓದು ಬಾರದವರಿಗೂ ಬಣ್ಣ ಅರ್ಥವಾಗುತ್ತದೆ.

ಅದರ ಜೊತೆ ಇನ್ನೊಂದು ಸಾಲು ಸೇರಿಸಬೇಕು: ಕೊನೆಯ ಸಲ ಮುಳುಗಿ ನೋಡಿದ ದಿನಾಂಕ. ಲಿಫ್ಟಿನೊಳಗೆ ತಪಾಸಣೆಯ ಪತ್ರ ಅಂಟಿಸುವಂತೆ, ಬೆಂಕಿ ನಂದಿಸುವ ಸಿಲಿಂಡರಿಗೆ ಚೀಟಿ ಕಟ್ಟುವಂತೆ. ಈ ಒಂದು ಸಾಲು ಎರಡು ಕೆಲಸ ಮಾಡುತ್ತದೆ. ದೋಣಿಯವರಿಗೆ ನಂಬಬಹುದೇ ಎಂದು ತಿಳಿಯುತ್ತದೆ. ಇಲಾಖೆಗೆ ನಾಚಿಕೆಯಾಗುತ್ತದೆ. ಎರಡು ವರ್ಷದ ಹಿಂದಿನ ದಿನಾಂಕ ಹೊತ್ತು ತೇಲುವ ಗುಂಡು ಯಾವ ಪ್ರತಿಭಟನೆಗಿಂತಲೂ ಚೆನ್ನಾಗಿ ಮಾತನಾಡುತ್ತದೆ. ನಿಗದಿತ ಅವಧಿ ದಾಟಿದರೆ ಗುಂಡನ್ನು ಬಿಚ್ಚಿ ತೆಗೆಯಬೇಕು ಎಂಬ ನಿಯಮವೂ ಇರಬೇಕು. ಆಗ ನೋಡಿಕೊಳ್ಳಲಾಗದ ಗೂಟ ನಂಬಿಕೆಯ ವೇಷದಲ್ಲಿ ನೀರಿನ ಮೇಲೆ ಉಳಿಯುವುದಿಲ್ಲ.

ಪಡುಗಡಲಿನ ಕಡೆ

ಇದೆಲ್ಲ ದೂರದ ಮಾತು ಎನಿಸಬಹುದು. ಆದರೆ ಮುಂಬೈ, ಪುಣೆಯ ಕುಟುಂಬಗಳು ರಜೆ ಬಂದರೆ ಮಾಲ್ವಣಕ್ಕೆ, ತಾರ್ಕರ್ಲಿಗೆ ಸ್ನಾರ್ಕೆಲಿಂಗಿಗೆಂದು ಹೋಗುತ್ತವೆ. ಮಾಲ್ವಣದ ಕಡಲು 1987ರಿಂದ ಅಭಯಾರಣ್ಯ. ಚೆನ್ನೈ, ಹೈದರಾಬಾದಿನವರು ಅಂಡಮಾನಿಗೆ ಹಾರುತ್ತಾರೆ. ಊರ ಕಡೆ ಬಂದವರು ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿಗೆ ಹೋಗುತ್ತಾರೆ. ಒಂದು ಕಾಲದಲ್ಲಿ ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸುತ್ತಿದ್ದ ಆ ದ್ವೀಪ ಈಗ ಕರ್ನಾಟಕದ ಹೆಸರುವಾಸಿ ಸ್ಕೂಬಾ ತಾಣ. ಅದರ ಬುಡದ ಬಂಡೆಗಳಲ್ಲಿ ಹವಳವಿದೆ, ಮೀನಿನ ಹಿಂಡುಗಳಿವೆ. ಈ ಎಲ್ಲ ಕಡೆಯೂ ಮಂದಿಯನ್ನು ಇಳಿಸುವ ದೋಣಿ ಎಲ್ಲೋ ಒಂದು ಕಡೆ ನಿಲ್ಲಲೇಬೇಕು.

ಪಡುವಣ ಕರಾವಳಿಗೆ ತನ್ನದೇ ಒಂದು ಕಷ್ಟವೂ, ಒಂದು ಅನುಕೂಲವೂ ಇದೆ. ಕಷ್ಟ ಮಳೆಗಾಲ. ಜೂನ್ ಬಂತೆಂದರೆ ಯಾವ ಗುಂಡೂ ಯಾವ ಹಗ್ಗವೂ ನೆಮ್ಮದಿಯಲ್ಲಿ ಇರಲಾರದು. ಅನುಕೂಲವೂ ಅದೇ. ಆ ತಿಂಗಳುಗಳಲ್ಲಿ ಮೋಜಿನ ದೋಣಿಗಳು ಕಡಲಿಗೆ ಇಳಿಯುವುದಿಲ್ಲ. ಮುಂಬೈನ ಯಾಟ್‌ಗಳನ್ನೂ ಮಳೆಗೆ ಮುಂಚೆ ದಡಕ್ಕೆ ಎಳೆಯುತ್ತಾರೆ. ಮೇ ಕೊನೆಗೆ ಗುಂಡು, ಹಗ್ಗ ಎಲ್ಲ ಬಿಚ್ಚಿ ಮೇಲಕ್ಕೆ ತರುವುದು, ಮಳೆಗಾಲವಿಡೀ ದುರಸ್ತಿ ಮಾಡುವುದು, ಕಡಲು ತಿಳಿಯಾದ ಮೇಲೆ ಬೋಲ್ಟ್ ಪರೀಕ್ಷಿಸಿ ಹೊಸ ದಿನಾಂಕ ಬರೆದು ಮತ್ತೆ ಕಟ್ಟುವುದು. ಬೇರೆ ದೇಶಗಳು ನಿಯಮ ಮಾಡಿ ಮಾಡಿಸಬೇಕಾದ ವಾರ್ಷಿಕ ತಪಾಸಣೆಯನ್ನು ಇಲ್ಲಿ ಮುಂಗಾರು ತಾನೇ ಮಾಡಿಸಿಕೊಡುತ್ತದೆ. ಈ ಕೆಲಸಕ್ಕೆ ಹೊರಗಿನಿಂದ ತಜ್ಞರು ಬರಬೇಕಾಗಿಲ್ಲ. ಹಗ್ಗ, ಗಂಟು, ಕಡಲಿನ ಸೆಳೆತ ಬಲ್ಲ ಮೀನುಗಾರರು ದಡದಲ್ಲೇ ಇದ್ದಾರೆ. ಮೀನುಗಾರಿಕೆಗೂ ರಜೆ ಇರುವ ಆ ತಿಂಗಳುಗಳಲ್ಲಿ ಅವರ ಕೈಗೆ ಕೂಲಿ ಸಿಕ್ಕರೆ ಅದೇ ಈ ಕಾಲದ ನೀರುಗಂಟಿಯ ಕೆಲಸ.

ಹಾಗೆ ಮಾಡುವಾಗ ಮೀನುಗಾರರ ಬಲೆಯ ದಾರಿಗೆ ಗೂಟ ಅಡ್ಡ ಬರಬಾರದು, ಜಾಗ ಗೊತ್ತುಮಾಡುವ ಮೊದಲು ಅವರನ್ನು ಕೇಳಬೇಕು. ಕಡಲಿಗೆ ಮೊದಲು ಇಳಿದವರು ಅವರು.

ಮುಂದಿನ ಸಲ ದೋಣಿ ಹತ್ತುವ ಪ್ರವಾಸಿಗರು ಟಿಕೆಟ್ ಕೊಡುವವರಲ್ಲಿ ಮೂರು ಪ್ರಶ್ನೆ ಕೇಳಬಹುದು. ದೋಣಿಯನ್ನು ಎಲ್ಲಿ ಕಟ್ಟುತ್ತೀರಿ? ಅಲ್ಲಿ ಗೂಟ ಇದೆಯೇ, ಲಂಗರು ಹಾಕುತ್ತೀರೋ? ಗೂಟ ಇದ್ದರೆ ಯಾರು ನೋಡಿಕೊಳ್ಳುತ್ತಾರೆ? ಲೈಫ್ ಜಾಕೆಟ್ ಇದೆಯೇ ಎಂದು ಹತ್ತು ವರ್ಷದ ಹಿಂದೆ ಕೇಳಿದವರನ್ನು ವಿಚಿತ್ರವಾಗಿ ನೋಡುತ್ತಿದ್ದರು, ಈಗ ಕೇಳುವ ಮೊದಲೇ ಕೈಗೆ ಕೊಡುತ್ತಾರೆ. ಗೂಟದ ಪ್ರಶ್ನೆಗೂ ಆ ಕಾಲ ಬರಬಹುದು. ಸರ್ಕಾರ ಗೂಟ ಹಾಕಲು ಹೊರಟ ದಿನ ಕೇಳಬೇಕಾದ ನಾಲ್ಕನೆಯ ಪ್ರಶ್ನೆ ಒಂದಿದೆ: ಇದರ ಬಿತ್ತುವಟ್ಟ ಯಾವುದು? ಆ ಕಾಲಂ ಖಾಲಿ ಇರುವ ಕಡತಕ್ಕೆ ಸಹಿ ಬೀಳಬಾರದು.